ಪರದೆ ಕಪ್ಪಾದರೆ ಬರಹ ಅಳಿಯಿತೆಂದಲ್ಲ

ಲಿನಕ್ಸ್ ಬಳಸುವ ಕನ್ನಡ ಬರಹಗಾರರ ಸಂಖ್ಯೆ ದೊಡ್ಡದೇನಲ್ಲ. ಆದರೂ ಹೊರನಾಡಿನಲ್ಲಿ ಸಂಘದ ಸಂಚಿಕೆ, ಸ್ಮರಣ ಸಂಪುಟಗಳ ಅಕ್ಷರಜೋಡಣೆಯನ್ನು ತಾವೇ ಮಾಡಿಕೊಳ್ಳುವವರಲ್ಲಿ ಅದನ್ನು ನೆಚ್ಚಿದವರು ಇದ್ದಾರೆ. ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆಯಿಂದಲೋ, ಚೆನ್ನೈನ ರಿಚಿ ಸ್ಟ್ರೀಟಿನಿಂದಲೋ, ದಿಲ್ಲಿಯ ನೆಹರೂ ಪ್ಲೇಸಿನಿಂದಲೋ ತಂದ ಹಳೆಯ ಯಂತ್ರದಲ್ಲೂ ಅದು ಓಡುತ್ತದೆ. ಪರವಾನಗಿಗೆ ಹಣ ಕೇಳುವುದಿಲ್ಲ. ಹಾಗೆ ವರ್ಷಗಟ್ಟಲೆ ನಡೆದ ಯಂತ್ರ, ನವೀಕರಣದ ಮರುದಿನ, ತಯಾರಕರ ಲಾಂಛನವನ್ನಷ್ಟೇ ತೋರಿಸಿ ಕಪ್ಪಾಗಿ ನಿಂತುಬಿಡುವುದುಂಟು. ಅದನ್ನು ಹೊತ್ತುಕೊಂಡು ಅಂಗಡಿಗೆ ಹೋಗಿ, ಎಲ್ಲ ಅಳಿಸಿ ಹೊಸದಾಗಿ ಹಾಕಿಕೊಡಿ ಎನ್ನುವುದು ನಮ್ಮಲ್ಲಿ ರೂಢಿ. ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳುವ ಈ ರೂಢಿಯನ್ನು ನಾವು ಒಪ್ಪುವುದಿಲ್ಲ. ಕೆಟ್ಟಿರುವುದು ಪರದೆಗೆ ಚಿತ್ರ ಬರೆಯುವ ಡ್ರೈವರ್ ಮಾತ್ರ. ಡಿಸ್ಕಿನಲ್ಲಿರುವ ಬರಹಕ್ಕೆ ಏನೂ ಆಗಿರುವುದಿಲ್ಲ. ಬರಹ ಹಾಳಾಗುವುದು ಆ ಹೊಸ ಸ್ಥಾಪನೆಯಿಂದ.

ಹೀಗೇಕೆ ಆಗುತ್ತದೆಂಬುದು ನಿಗೂಢವಲ್ಲ. ಇಂಟೆಲ್ ಮತ್ತು ಎಎಂಡಿ ಚಿಪ್ಪುಗಳ ಡ್ರೈವರ್ ಲಿನಕ್ಸ್ ಕರ್ನೆಲ್ಲಿನ ಒಳಗೇ ಇದೆ. ಕರ್ನೆಲ್ ಬದಲಾದಾಗ ಅದೂ ಜೊತೆಗೇ ಬದಲಾಗುತ್ತದೆ. ಎನ್‌ವಿಡಿಯಾ ಕಂಪನಿ ಕೊಡುವ ಡ್ರೈವರ್ ಹೊರಗಿನದು. ಕರ್ನೆಲ್ಲಿನ ಒಳವ್ಯವಸ್ಥೆ ಹೀಗೆಯೇ ಇರುತ್ತದೆಂದು ಅದರ ಕರ್ತೃಗಳು ಯಾರಿಗೂ ಮಾತು ಕೊಟ್ಟಿಲ್ಲ. ಆದ್ದರಿಂದ ಪ್ರತಿ ಹೊಸ ಕರ್ನೆಲ್ಲಿಗೂ ಆ ಡ್ರೈವರಿನ ಮಾಡ್ಯೂಲನ್ನು ಹೊಸದಾಗಿ ಹೊಂದಿಸಬೇಕು. ಬಹಳ ಕಡೆ ಈ ಕೆಲಸವನ್ನು ಡಿಕೆಎಂಎಸ್ ಎಂಬ ಸಾಧನ ನಮ್ಮ ಕಣ್ಣಿಗೆ ಬೀಳದಂತೆ ಮಾಡುತ್ತದೆ. ಅದಕ್ಕೆ ಬೇಕಾದ ಕರ್ನೆಲ್ ಹೆಡರ್ ಕಡತಗಳು ಇಲ್ಲದಿದ್ದರೆ ಸೋಲುವುದೂ ಕಣ್ಣಿಗೆ ಬೀಳದಂತೆಯೇ. ಇತ್ತ, ಸಮುದಾಯದವರು ಕಟ್ಟಿದ ನೂವೋ ಎಂಬ ಮುಕ್ತ ಡ್ರೈವರನ್ನು ಎನ್‌ವಿಡಿಯಾದ್ದು ತಾನು ಬರುವಾಗಲೇ ಹೊರಗಟ್ಟಿರುತ್ತದೆ. ಇದ್ದವನು ಹೋದ, ಬರಬೇಕಾದವನು ಬರಲಿಲ್ಲ, ಪರದೆಗೆ ದಿಕ್ಕಿಲ್ಲ.

ಮೊದಲು ಮಾಡಬೇಕಾದದ್ದು ಬಲು ಸಣ್ಣದು. ಯಂತ್ರ ಏಳುವಾಗ ಎಸ್ಕೇಪ್ ಅಥವಾ ಶಿಫ್ಟ್ ಕೀಲಿಯಿಂದ ಗ್ರಬ್ ಪಟ್ಟಿಯನ್ನು ತೆರೆದು, ಅಲ್ಲಿ ಉಳಿದಿರುವ ಹಿಂದಿನ ಕರ್ನೆಲ್ಲನ್ನು ಆರಿಸಿಕೊಳ್ಳುವುದು. ಪರದೆ ಬೆಳಗಿತೆಂದರೆ ರೋಗನಿದಾನ ಅರ್ಧ ಮುಗಿದಂತೆ: ಕಾರ್ಡು ಕೆಟ್ಟಿಲ್ಲ, ಹೊಸ ಕರ್ನೆಲ್ಲಿಗೂ ಡ್ರೈವರಿಗೂ ಹೊಂದಿಕೆಯಾಗಿಲ್ಲ. ಬೆಳಗದಿದ್ದರೆ ಕಂಟ್ರೋಲ್, ಆಲ್ಟ್, ಎಫ್3 ಕೀಲಿಗಳನ್ನು ಒಟ್ಟಿಗೆ ಒತ್ತಿ ಪಠ್ಯದ ಕನ್ಸೋಲಿಗೆ ಹೋಗಲು ಯತ್ನಿಸಬೇಕು.

ಕನ್ನಡದವರಿಗೇ ವಿಶೇಷವಾದ ತೊಡಕು ಎದುರಾಗುವುದು ಇಲ್ಲಿ. ಲಿನಕ್ಸಿನ ಈ ಕನ್ಸೋಲ್ ಸಾಮಾನ್ಯವಾಗಿ ಒಮ್ಮೆಗೆ ಹೆಚ್ಚೆಂದರೆ 512 ಅಕ್ಷರರೂಪಗಳನ್ನು ಇಟ್ಟುಕೊಳ್ಳಬಲ್ಲದು. ಒತ್ತಕ್ಷರ, ಗುಣಿತಗಳನ್ನು ಜೋಡಿಸುವ ವಿದ್ಯೆ ಅದಕ್ಕೆ ಬಾರದು. ನಮ್ಮ ಲಿಪಿ ಬದುಕಿರುವುದು ಗ್ರಾಫಿಕ್ಸ್ ಪದರದಲ್ಲಿ. ಅದು ಬಿದ್ದ ಕ್ಷಣ ಮೊದಲು ಮಾಯವಾಗುವುದೇ ಕನ್ನಡ. ಯಂತ್ರದ ಭಾಷೆಯನ್ನು ಅಭಿಮಾನದಿಂದ ಕನ್ನಡಕ್ಕೆ ಹೊಂದಿಸಿಟ್ಟವರಿಗೆ ದೋಷಸಂದೇಶವೂ ಚೌಕಗಳ ಸಾಲಾಗಿ ಕಾಣುತ್ತದೆ. ಇದನ್ನು ಕಂಡೇ ಎಷ್ಟೋ ಜನ, ಕಡತಗಳೂ ಹಾಳಾದವೆಂದು ಕೈಚೆಲ್ಲುವುದು. ಆ ಹೊತ್ತಿಗೆ ಭಾಷೆಯನ್ನು ಇಂಗ್ಲಿಷಿಗೆ ಬದಲಿಸಿಕೊಂಡರೆ ಸಂದೇಶ ಓದಲು ಬರುತ್ತದೆ. ಅದರಲ್ಲಿ ನಾಚಿಕೆಯೇನಿಲ್ಲ.

ಅನಂತರ ಯಂತ್ರಕ್ಕೆ ಕೇಳಬೇಕಾದ ಪ್ರಶ್ನೆಗಳು ಹೆಚ್ಚಿಲ್ಲ. ಈಗ ಓಡುತ್ತಿರುವ ಕರ್ನೆಲ್ ಯಾವುದು, ಅದಕ್ಕೆಂದು ಮಾಡ್ಯೂಲ್ ಸಿದ್ಧವಾಗಿದೆಯೇ, ಸಿದ್ಧವಾಗಿದ್ದರೆ ಅದನ್ನು ಒಳಗೆ ಬಿಟ್ಟುಕೊಳ್ಳಲಾಗಿದೆಯೇ. ಕೊನೆಯ ಪ್ರಶ್ನೆಯನ್ನು ಮರೆಯುವವರೇ ಬಹಳ. ಸೆಕ್ಯೂರ್ ಬೂಟ್ ಚಾಲೂ ಇರುವ ಯಂತ್ರ ಸಹಿ ಇಲ್ಲದ ಮಾಡ್ಯೂಲನ್ನು ಬಾಗಿಲಲ್ಲೇ ತಡೆಯುತ್ತದೆ. ಡ್ರೈವರ್ ಹಾಕಿದ ಮೇಲೆ ಯಂತ್ರ ಮತ್ತೆ ಏಳುವಾಗ ನೀಲಿ ಪರದೆಯೊಂದು ಬಂದು ಕೀಲಿಯನ್ನು ನೋಂದಾಯಿಸಲು ಕೇಳುತ್ತದೆ. ಅದೇನೋ ಅಪಾಯವೆಂದು ತಿಳಿದು ದಾಟಿಹೋದವರಿಗೆ ಪರದೆಯ ಕಾಟ ತಪ್ಪುವುದಿಲ್ಲ. ಉತ್ತರಗಳೆಲ್ಲ ಹಿಂದಿನ ಬೂಟಿನ ದಾಖಲೆಯಲ್ಲಿ ಇರುತ್ತವೆ. ಅದನ್ನು ಓದದೆ, ಎಲ್ಲಿಂದಲೋ ನಕಲು ಮಾಡಿದ ಆದೇಶವನ್ನು ಆಡಳಿತಾಧಿಕಾರದೊಡನೆ ಓಡಿಸುವುದು, ವಿತರಣೆಯವರ ಪ್ಯಾಕೇಜಿನ ಮೇಲೆ ಕಂಪನಿಯ ತಾಣದಿಂದ ಇಳಿಸಿದ್ದನ್ನೂ ಹೇರುವುದು, ಇವೆರಡೂ ಒಂದು ಗಂಟನ್ನು ಹತ್ತು ಮಾಡುತ್ತವೆ.

ಇಷ್ಟೆಲ್ಲ ಹೊರೆ ಬಳಕೆದಾರನ ಮೇಲೆ ಏಕೆ ಬೀಳಬೇಕು? ಲಿನಸ್ ಟೋರ್ವಾಲ್ಡ್ಸ್ 2012ರಲ್ಲಿ ಫಿನ್ಲೆಂಡಿನ ಸಭೆಯೊಂದರಲ್ಲಿ ಎನ್‌ವಿಡಿಯಾದ ಮೇಲೆ ಬಹಿರಂಗವಾಗಿಯೇ ಸಿಟ್ಟು ತೋರಿದ್ದರು. 2022ರ ಮೇ ತಿಂಗಳಲ್ಲಿ ಕಂಪನಿ ತನ್ನ ಕರ್ನೆಲ್ ಮಾಡ್ಯೂಲಿನ ಮೂಲಸಂಹಿತೆಯನ್ನು ತೆರೆದಿಟ್ಟಿತು, ಸ್ವಾಗತಾರ್ಹವೇ. ಆದರೆ ಅದು ಟ್ಯೂರಿಂಗ್ ಪೀಳಿಗೆ ಮತ್ತು ಅನಂತರದ ಕಾರ್ಡುಗಳಿಗೆ ಮಾತ್ರ. ಫರ್ಮಿ ಪೀಳಿಗೆಯ 390 ಸರಣಿಯ ಡ್ರೈವರಿಗೆ ಬೆಂಬಲ 2022ಕ್ಕೆ ಮುಗಿಯಿತು, ಕೆಪ್ಲರಿನ 470ಕ್ಕೆ 2024ರಲ್ಲಿ. ಹಳೆಯ ಯಂತ್ರವನ್ನು ನೆಚ್ಚಿದವರ ಪಾಲಿಗೆ ಉಳಿದದ್ದು ಮುಚ್ಚಿದ ಪೆಟ್ಟಿಗೆ.

ಹಾಗಾಗಿ ನಮ್ಮ ಅಭಿಪ್ರಾಯ ನೇರವಾಗಿದೆ. ಬರೆಯುವುದು, ಪುಟ ಕಟ್ಟುವುದು, ಕರಡು ತಿದ್ದುವುದು ಇಷ್ಟೇ ಕೆಲಸವಿದ್ದವರಿಗೆ ಆ ಮುಚ್ಚಿದ ಡ್ರೈವರ್ ಬೇಕಾಗಿಯೇ ಇಲ್ಲ. ಇಂಥ ಹಳೆಯ ಕಾರ್ಡುಗಳಿಗೆ ನೂವೋ ಸಾಕು. ವೇಗ ಕಡಿಮೆ, ನಿಜ; ಆದರೆ ನಾವು ಜೋಡಿಸುತ್ತಿರುವುದು ಅಕ್ಷರ, ಆಟದ ಸೇನೆಯನ್ನಲ್ಲ. ಹೊಸ ಯಂತ್ರ ಕೊಳ್ಳುವವರು ಇಂಟೆಲ್ ಅಥವಾ ಎಎಂಡಿ ಗ್ರಾಫಿಕ್ಸ್ ಇರುವುದನ್ನೇ ಕೇಳಿ ಪಡೆಯಲಿ.

ಇನ್ನು, ಪ್ರತಿ ಬಳಗದಲ್ಲೂ ಇಂಥ ದುರಸ್ತಿಯ ಹಾಳೆಯೊಂದು ಕನ್ನಡದಲ್ಲಿ ಇರಬೇಕು, ಅದೂ ಕಾಗದದ ಮೇಲೆ. ಬೇಕಾಗುವ ಹೊತ್ತಿಗೆ ಪರದೆ ಅದನ್ನು ತೋರಿಸಲಾರದು. ಆದೇಶಗಳು ರೋಮನ್ ಅಕ್ಷರದಲ್ಲೇ ಇರಲಿ, ವಿವರಣೆ ಕನ್ನಡದಲ್ಲಿ. ಅದರ ಮೊದಲ ಸಾಲು ಡ್ರೈವರಿನದಲ್ಲ, ಮನೆಯ ಕಡತಕೋಶವನ್ನು ಇಡಿಯಾಗಿ ಪೆನ್‌ಡ್ರೈವಿಗೆ ನಕಲು ಮಾಡುವ ಆದೇಶವಾಗಿರಲಿ. ಕನ್ಸೋಲಿನಲ್ಲಿ ಕಡತಗಳ ಹೆಸರು ಚೌಕಗಳಾಗಿ ಕಂಡರೂ ನಕಲಾಗುವುದು ಕನ್ನಡವೇ.