ಕಾಲ್ಬೆರಳು ಆಫ್‌ಸೈಡ್!

ಗೋಲು ಬಿದ್ದ ಕೂಡಲೇ ಕುಣಿಯುವ ಹಾಗಿಲ್ಲ. ಟಿವಿಯ ಮುಂದೆ ಕೂತವರು ಗೆರೆ ಎಳೆದು ಮುಗಿಸುವ ತನಕ ಕಾಯಬೇಕು. ಈಗಿನ ದೊಡ್ಡ ಫುಟ್ಬಾಲಿನ ಅವಸ್ಥೆ ಇದು. ವೀಡಿಯೋ ನೋಡಿ ರೆಫ್ರಿಗೆ ಸಲಹೆ ಕೊಡುವ ವಿಎಆರ್ 2018ರ ರಷ್ಯಾ ವಿಶ್ವಕಪ್ಪಿಗೆ ಬಂತು. ಅಂದಿನಿಂದ ಆಫ್‌ಸೈಡ್ ನಿಯಮದ ತಿರುಳು ಬದಲಾಗಿಲ್ಲ, ಅಳತೆಗೋಲು ಮಾತ್ರ ಬದಲಾಗಿದೆ. ಆದರೆ ಅಳತೆಗೋಲು ಬದಲಾದರೆ ನಿಯಮವೇ ಬದಲಾದಂತೆ ಎಂಬುದು ನಮ್ಮ ಅಭಿಪ್ರಾಯ.

ನಮ್ಮ ಮಂಗಲ್ಪಾಡಿ, ಉಪ್ಪಳ, ಕುಂಬಳೆ ಕಡೆಯ ಮಕ್ಕಳಿಗೆ ಸೆವೆನ್ಸ್ ಚೆನ್ನಾಗಿ ಗೊತ್ತು. ಅದರಲ್ಲಿ ಆಫ್‌ಸೈಡ್ ಇಲ್ಲ. ಹಾಗಾಗಿ ಹನ್ನೊಂದು ಮಂದಿಯ ಆಟ ನೋಡುವಾಗ "ಅದ್ಯಾಕೆ ಮಾಷ್ಟ್ರೇ ಗೋಲಲ್ಲ?" ಎಂಬ ಪ್ರಶ್ನೆ ಬಂದೇ ಬರುತ್ತದೆ. ನಿಯಮ ಇಷ್ಟೇ. ತನ್ನ ತಂಡದವನು ಚೆಂಡು ಒದೆಯುವ ಕ್ಷಣದಲ್ಲಿ, ಎದುರಾಳಿಯ ಅರ್ಧದಲ್ಲಿರುವ ಆಟಗಾರನ ತಲೆ, ಮೈ, ಕಾಲು ಇವುಗಳಲ್ಲಿ ಯಾವುದೇ ಭಾಗ ಚೆಂಡಿಗಿಂತಲೂ, ಕೊನೆಯಿಂದ ಎರಡನೇ ಎದುರಾಳಿಗಿಂತಲೂ ಗೋಲಿನ ಗೆರೆಗೆ ಹತ್ತಿರ ಇರಬಾರದು. ಕೈ ಲೆಕ್ಕಕ್ಕಿಲ್ಲ. ಸಮಸಮ ಇದ್ದರೆ ತೊಂದರೆ ಇಲ್ಲ. ಬರೇ ಅಲ್ಲಿ ನಿಂತರೆ ತಪ್ಪಲ್ಲ, ನಿಂತು ಆಟದಲ್ಲಿ ಭಾಗಿಯಾದರೆ ತಪ್ಪು.

ಇದರ ಉದ್ದೇಶವೇನು? ಗೋಲಿನ ಬಾಯಲ್ಲೇ ಚೆಂಡಿಗಾಗಿ ಹೊಂಚುಹಾಕಿ ನಿಲ್ಲಬಾರದು ಎಂಬುದು. ಮೊದಲು ಮುಂದೆ ಮೂವರು ಎದುರಾಳಿಗಳು ಇರಬೇಕಿತ್ತು. 1925ರಲ್ಲಿ ಅದನ್ನು ಇಬ್ಬರಿಗೆ ಇಳಿಸಿದರು. 1990ರಲ್ಲಿ ಸಮಸಮ ಇದ್ದರೂ ಸರಿ ಎಂದರು. ಸಂಶಯ ಇದ್ದರೆ ಬಾವುಟ ಎತ್ತಬೇಡಿ ಎಂದು ಲೈನ್ಸ್‌ಮನ್‌ಗಳಿಗೂ ಹೇಳಿದ್ದರು. ಅಂದರೆ ನಿಯಮ ಗೋಲು ಹೊಡೆಯುವವನ ಕಡೆಗೇ ವಾಲುತ್ತಾ ಬಂದಿತ್ತು.

ವೀಡಿಯೋದಿಂದ ಒಳ್ಳೆಯದೇ ಆಗಿಲ್ಲ ಎಂದು ನಾವು ಹೇಳುವುದಿಲ್ಲ. 2010ರ ವಿಶ್ವಕಪ್‌ನಲ್ಲಿ ಮೆಕ್ಸಿಕೊ ಎದುರು ಅರ್ಜೆಂಟೀನಾದ ಟೆವೆಜ್ ಸ್ಪಷ್ಟವಾಗಿ ಆಫ್‌ಸೈಡ್‌ನಲ್ಲಿದ್ದೇ ಗೋಲು ಹೊಡೆದರು. ಕ್ರೀಡಾಂಗಣದ ದೊಡ್ಡ ಪರದೆಯಲ್ಲಿ ಎಲ್ಲರೂ ಅದನ್ನು ನೋಡಿದರು. ಆದರೂ ನೋಡಿದ್ದನ್ನು ಒಪ್ಪಲು ಆಗ ನಿಯಮವಿರಲಿಲ್ಲ, ಗೋಲು ಉಳಿಯಿತು. 2018ರಲ್ಲಿ ಜರ್ಮನಿ ಎದುರು ದಕ್ಷಿಣ ಕೊರಿಯಾದ ಗೋಲಿಗೆ ಬಾವುಟ ಎತ್ತಿದ್ದರು. ಚೆಂಡು ಜರ್ಮನಿಯವನ ಕಾಲಿನಿಂದಲೇ ಬಂದದ್ದು ವೀಡಿಯೋದಲ್ಲಿ ಕಂಡು ಗೋಲು ಸಿಕ್ಕಿತು. ನಮ್ಮ ದೇಶದ ಪಂದ್ಯಾವಳಿಯಲ್ಲಿ ವಿಎಆರ್ ಮೊದಲು ಕಾಣಿಸಿಕೊಂಡದ್ದು 2023ರ ಮಾರ್ಚಿನಲ್ಲಿ, ರಿಯಾಧ್‌ನಲ್ಲಿ ನಡೆದ ಸಂತೋಷ್ ಟ್ರೋಫಿಯ ಕೊನೆಯ ಪಂದ್ಯಗಳಲ್ಲಿ. 54 ವರ್ಷಗಳ ಬಳಿಕ ಕರ್ನಾಟಕ ಕಪ್ ಗೆದ್ದದ್ದೂ ಅಲ್ಲೇ! ಕಣ್ಣಿಗೆ ರಾಚುವ ತಪ್ಪನ್ನು ತಿದ್ದಲು ಯಂತ್ರ ಬೇಕು, ಸರಿ.

ಆದರೆ ಕಣ್ಣಿಗೇ ಕಾಣದ ತಪ್ಪನ್ನು ಹುಡುಕಿ ತೆಗೆಯುವುದು ಯಾಕೆ? ಒಂದು ಸಣ್ಣ ಲೆಕ್ಕ ಮಾಡೋಣ. ಕ್ಯಾಮರಾ ಸೆಕೆಂಡಿಗೆ 50 ಚಿತ್ರ ತೆಗೆಯುತ್ತದೆ ಎನ್ನಿ. ಸೆಕೆಂಡಿಗೆ 8 ಮೀಟರ್ ಓಡುವವನು ಒಂದು ಚಿತ್ರದಿಂದ ಮುಂದಿನ ಚಿತ್ರಕ್ಕೆ 16 ಸೆಂಟಿಮೀಟರ್ ಮುಂದೆ ಹೋಗಿರುತ್ತಾನೆ. ಒದ್ದ ಕ್ಷಣ ಯಾವ ಚಿತ್ರದಲ್ಲಿದೆ ಎಂದೇ ಖಚಿತವಿಲ್ಲದಾಗ ಬೆರಳಗಲದ ತೀರ್ಪು ಹೇಗೆ ಕೊಡುವುದು? 2022ರ ಕತಾರ್ ವಿಶ್ವಕಪ್‌ನಲ್ಲಿ 12 ಕ್ಯಾಮರಾ ಇಟ್ಟು, ಸೆಕೆಂಡಿಗೆ 500 ಸಲ ಸುದ್ದಿ ಕೊಡುವ ಸಾಧನವನ್ನು ಚೆಂಡಿನೊಳಗೇ ಕೂರಿಸಿ ಈ ಸಂಶಯವನ್ನು ಬಹಳ ಕಡಿಮೆ ಮಾಡಿದರು. ಸೌದಿ ಎದುರು ಅರ್ಜೆಂಟೀನಾದ ಮೂರು ಗೋಲುಗಳು ಮೊದಲಾರ್ಧದಲ್ಲೇ ಆಫ್‌ಸೈಡಿಗೆ ಹೋದದ್ದನ್ನು ನಮ್ಮ ಕೇರಳದ ನೀಲಿ-ಬಿಳಿ ಅಭಿಮಾನಿಗಳು ಇನ್ನೂ ಮರೆತಿಲ್ಲ. ಅಳತೆ ಸರಿಯೇ ಇರಬಹುದು. ಆದರೆ ಭುಜದ ತುದಿ ಮುಂದೆ ಇದ್ದುದರಿಂದ ಹೊಂಚುಹಾಕಿದ ಹಾಗಾಯಿತೇ? ನೀವೇ ಹೇಳಿ.

2024ರ ಏಪ್ರಿಲ್ 21ರಂದು ಇಂಗ್ಲೆಂಡಿನ ಎಫ್‌ಎ ಕಪ್ ಸೆಮಿಫೈನಲ್. ಎರಡನೇ ದರ್ಜೆಯ ಕವೆಂಟ್ರಿ ತಂಡ ಮ್ಯಾಂಚೆಸ್ಟರ್ ಯುನೈಟೆಡ್ ಎದುರು 0-3ರಿಂದ ಮೇಲೆದ್ದು 3-3 ಮಾಡಿ, ಹೆಚ್ಚುವರಿ ಆಟದ ಕೊನೆಗೆ ನಾಲ್ಕನೆಯದನ್ನೂ ಹೊಡೆಯಿತು. ವಿಎಆರ್ ಕಾಲ್ಬೆರಳಿನಷ್ಟು ಆಫ್‌ಸೈಡ್ ಕಂಡುಹಿಡಿಯಿತು. ಗೋಲು ಹೋಯಿತು, ಪೆನಾಲ್ಟಿಯಲ್ಲಿ ಪಂದ್ಯವೂ ಹೋಯಿತು.

ಯಂತ್ರ ಇದ್ದರೂ ನೋಡುವವರು ಮನುಷ್ಯರೇ. 2023ರ ಸೆಪ್ಟೆಂಬರ್ 30ರಂದು ಟಾಟನ್‌ಹ್ಯಾಮ್ ಎದುರು ಲಿವರ್‌ಪೂಲಿನ ಲೂಯಿಸ್ ಡಿಯಾಸ್ ಹೊಡೆದದ್ದು ಸರಿಯಾದ ಗೋಲು. ಮೈದಾನದಲ್ಲಿ ಗೋಲು ಕೊಟ್ಟಿದ್ದಾರೆಂದೇ ತಿಳಿದ ವಿಎಆರ್‌ನವರು "ಪರಿಶೀಲನೆ ಮುಗಿಯಿತು" ಎಂದುಬಿಟ್ಟರು. ಅಲ್ಲಿ ಕೊಟ್ಟಿದ್ದದ್ದು ಆಫ್‌ಸೈಡ್! ಇನ್ನೊಂದು ಗಂಭೀರ ವಿಷಯ. ವೀಡಿಯೋ ಇದೆಯೆಂದು ಈಗ ಲೈನ್ಸ್‌ಮನ್ ಬಾವುಟವನ್ನು ತಡವಾಗಿ ಎತ್ತುತ್ತಾರೆ. 2025ರ ಮೇ ತಿಂಗಳಲ್ಲಿ ನಾಟಿಂಗ್‌ಹ್ಯಾಮ್ ಫಾರೆಸ್ಟಿನ ಅವೊನಿಯಿ ಹಾಗೆ ಮುಂದುವರಿದ ಆಟದಲ್ಲೇ ಗೋಲಿನ ಕಂಬಕ್ಕೆ ಬಡಿದರು. ಹೊಟ್ಟೆಗೆ ತೀವ್ರ ಪೆಟ್ಟಾಗಿ ಶಸ್ತ್ರಚಿಕಿತ್ಸೆ ಮಾಡಬೇಕಾಯಿತು.

ಹಾಗಾದರೆ ಏನು ಮಾಡಬೇಕು? ವಿಎಆರ್ ಇರಲಿ, ಆದರೆ ಸಂಶಯದ ಲಾಭ ಹಳೆಯ ಹಾಗೆ ಗೋಲು ಹೊಡೆದವನಿಗೇ ಸಿಗಲಿ. ಆಟಗಾರರಿಬ್ಬರ ನಡುವೆ ಬೆಳಕು ಕಾಣುವಷ್ಟು ಅಂತರವಿದ್ದರೆ ಮಾತ್ರ ಆಫ್‌ಸೈಡ್ ಎನ್ನೋಣ ಎಂದು ಆರ್ಸೆನ್ ವೆಂಗರ್ ಹೇಳುತ್ತಾ ಬಂದಿದ್ದಾರೆ. ಆಗಲೂ ಒಂದು ಗೆರೆ ಎಳೆಯಬೇಕಾಗುತ್ತದೆ, ನಿಜ. ಆದರೆ ಆ ಗೆರೆ ದಾಟಿದವನು ನಿಜವಾಗಿಯೂ ಮುಂದೆ ಇದ್ದಾನೆಂದು ಗ್ಯಾಲರಿಯಲ್ಲಿ ಕೂತವನಿಗೂ ಕಾಣುತ್ತದೆ.

ಈ ಚರ್ಚೆ ನಮಗೇಕೆ ಎಂದು ಕೇಳಬಹುದು. ಉಪಜಿಲ್ಲಾ ಪಂದ್ಯಗಳಲ್ಲಿ ಈಗ ಮಕ್ಕಳು ರೆಫ್ರಿಯ ಎದುರು ಬೆರಳಿನಿಂದ ಗಾಳಿಯಲ್ಲಿ ಟಿವಿಯ ಚೌಕ ಬರೆದು ತೋರಿಸುತ್ತಾರೆ. ಅಲ್ಲಿ ಕ್ಯಾಮರಾ ಎಲ್ಲಿಂದ ಬರಬೇಕು? ಬಿಸಿಲಲ್ಲಿ ಗೆರೆಯುದ್ದಕ್ಕೂ ಓಡುವ ಲೈನ್ಸ್‌ಮನ್ ಒಬ್ಬರೇ ಇರುವುದು, ಎರಡೇ ಕಣ್ಣು. ಯಂತ್ರ ಹೇಳಿದರೆ ಮಾತ್ರ ಸತ್ಯ ಎಂದು ಮಕ್ಕಳು ಕಲಿತರೆ ಇವರ ಮಾತನ್ನು ಯಾರು ಕೇಳುತ್ತಾರೆ? ತೀರ್ಪು ತಪ್ಪಾದರೂ ಒಪ್ಪಿ ಮುಂದಿನ ಚೆಂಡಿಗೆ ಓಡುವುದನ್ನು ಆಟವೇ ಕಲಿಸುತ್ತದೆ. ಅದನ್ನು ಕಲಿಸಲು ಯಾವ ಕ್ಯಾಮರಾದಿಂದಲೂ ಆಗದು.