ನಿರಾಕರಣೆಗೆ ಎಡೆಯಿಲ್ಲದ ಸಮ್ಮತಿ

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ ಮತ್ತು ಎಚ್.ಡಿ. ಕೋಟೆ ತಾಲೂಕುಗಳ ತಂಬಾಕು ಬೆಳೆಗಾರರಿಗೆ ಹರಾಜು ಎಂದರೇನೆಂದು ಯಾರೂ ವಿವರಿಸಬೇಕಾಗಿಲ್ಲ. ಕಂಪಲಾಪುರದಲ್ಲೋ ಕಟ್ಟೆಮಳಲವಾಡಿಯಲ್ಲೋ ತಂಬಾಕು ಮಂಡಳಿಯ ಮಾರುಕಟ್ಟೆಗೆ ಮಾಲು ತಂದ ರೈತನಿಗೆ ತನ್ನ ಬೇಲ್‌ಗೆ ಎಷ್ಟು ಬೆಲೆ ಬಂತು ಎಂಬುದು ತಿಳಿಯುತ್ತದೆ. ಆ ಬೆಲೆ ಒಪ್ಪಿಗೆಯಾಗದಿದ್ದರೆ ಮಾರದೆ ಉಳಿಸಿಕೊಳ್ಳುವ ಹಕ್ಕೂ ಆತನಿಗಿದೆ. ಈ ವ್ಯವಸ್ಥೆಯ ಕುರಿತು ಬೆಳೆಗಾರರಿಗಿರುವ ದೂರುಗಳು ಹಲವು, ಅವು ನ್ಯಾಯವಾದುವೂ ಹೌದು. ಆದರೂ ‘ಕೊಡುವುದಿಲ್ಲ’ ಎಂಬ ಮಾತಿಗೆ ಅಲ್ಲಿ ಬೆಲೆಯಿದೆ.

ಅದೇ ರೈತ ಮನೆಗೆ ಮರಳಿ ಮೊಬೈಲ್‌ನಲ್ಲಿ ಸಾಲದ ಬಡ್ಡಿಯನ್ನೋ ಮಗಳ ನರ್ಸಿಂಗ್ ಕಾಲೇಜಿನ ಶುಲ್ಕವನ್ನೋ ಹುಡುಕಿದಾಗ ಇನ್ನೊಂದು ಹರಾಜು ನಡೆಯುತ್ತದೆ. ಫಲಿತಾಂಶದ ಮೇಲ್ಭಾಗದಲ್ಲಿ ಯಾರ ಜಾಹೀರಾತು ಕಾಣಿಸಿಕೊಳ್ಳಬೇಕೆಂಬುದನ್ನು ಕಣ್ಣೆವೆ ಮುಚ್ಚುವಷ್ಟರಲ್ಲಿ ಹರಾಜಿನ ಮೂಲಕವೇ ತೀರ್ಮಾನಿಸಲಾಗುತ್ತದೆ. ಅಲ್ಲಿಂದ ಆತ ಯಾವ ಜಾಲತಾಣಕ್ಕೆ ಹೋದರೂ ‘ಕುಕಿ’ ಎಂಬ ಪುಟ್ಟ ಕಡತಗಳು ಬೆನ್ನು ಹತ್ತುತ್ತವೆ. ಆತ ಎಲ್ಲಿಗೆ ಹೋದ, ಏನನ್ನು ಎಷ್ಟು ಹೊತ್ತು ನೋಡಿದ ಎಂಬುದೆಲ್ಲ ದಾಖಲಾಗಿ, ಮುಂದಿನ ಹರಾಜಿನಲ್ಲಿ ಆತನ ದರ್ಜೆ ನಿರ್ಧಾರವಾಗುತ್ತದೆ. ಇಲ್ಲಿ ಮಾಲು ಆತನೇ. ಆದರೆ ಕಟ್ಟೆಯ ಮೇಲೆ ನಿಲ್ಲಲು ಮಾತ್ರ ಆತನಿಗೆ ಅವಕಾಶವಿಲ್ಲ.

ಸಮ್ಮತಿ ಪಡೆಯಲಾಗಿದೆಯಲ್ಲ ಎಂದು ಕಂಪೆನಿಗಳು ವಾದಿಸುತ್ತವೆ. ಜಾಲತಾಣವನ್ನು ತೆರೆದೊಡನೆ ಪುಟಕ್ಕೆ ಅಡ್ಡಲಾಗಿ ಒಂದು ಫಲಕ ಬಂದು ನಿಲ್ಲುತ್ತದೆ. ‘ನಿಮ್ಮ ಖಾಸಗಿತನವನ್ನು ನಾವು ಗೌರವಿಸುತ್ತೇವೆ’ ಎಂದು ಇಂಗ್ಲಿಷಿನಲ್ಲಿ ಬರೆದಿರುತ್ತದೆ. ‘ಒಪ್ಪಿದೆ’ ಎಂಬ ಗುಂಡಿ ದೊಡ್ಡದಾಗಿ, ಬಣ್ಣ ಬಣ್ಣವಾಗಿ ಹೊಳೆಯುತ್ತಿರುತ್ತದೆ. ‘ಒಪ್ಪುವುದಿಲ್ಲ’ ಎಂಬುದು ಎರಡು ಮೂರು ಬಾಗಿಲುಗಳ ಹಿಂದೆ ಅಡಗಿರುತ್ತದೆ, ಕೆಲವೊಮ್ಮೆ ಇರುವುದೇ ಇಲ್ಲ. ಯುರೋಪಿನಲ್ಲಿ 2018ರ ಮೇ ತಿಂಗಳಿನಿಂದ ಕಟ್ಟುನಿಟ್ಟಿನ ದತ್ತಾಂಶ ಕಾನೂನು ಜಾರಿಯಲ್ಲಿದ್ದರೂ ಈ ಚಾಳಿ ನಿಲ್ಲಲಿಲ್ಲ. ಒಪ್ಪಲು ಒಂದೇ ಗುಂಡಿ ಸಾಕು, ನಿರಾಕರಿಸಲು ಹಲವನ್ನು ಒತ್ತಬೇಕು ಎಂಬ ಕಾರಣಕ್ಕಾಗಿ ಫ್ರಾನ್ಸಿನ ದತ್ತಾಂಶ ಪ್ರಾಧಿಕಾರವು 2022ರ ಜನವರಿಯಲ್ಲಿ ಗೂಗಲ್‌ಗೆ 15 ಕೋಟಿ ಯೂರೋ ಮತ್ತು ಫೇಸ್‌ಬುಕ್‌ಗೆ 6 ಕೋಟಿ ಯೂರೋ ದಂಡ ವಿಧಿಸಿತು. ನಿರಾಕರಿಸಲು ಎಡೆಯಿಲ್ಲದ ಕಡೆ ಪಡೆದ ಸಮ್ಮತಿ ಸಮ್ಮತಿಯೇ ಅಲ್ಲ ಎಂಬುದು ನಮ್ಮ ನಿಲುವು. ಪರರ ಮನೆಯ ಬಾಗಿಲಲ್ಲಿ ಅನುಮತಿ ಕೇಳಬೇಕು, ಮರಳಿ ಹೋಗಿರೆಂದರೆ ಮರಳಬೇಕು ಎಂಬ ಶಿಷ್ಟಾಚಾರವನ್ನು ಸೂರಃ ಅನ್ನೂರ್‌ನಿಂದ ಕಲಿತವರಿಗೆ ಇದು ಹೊಸ ವಿಷಯವೂ ಅಲ್ಲ.

‘ನಮ್ಮಲ್ಲಿ ಮುಚ್ಚಿಡಲು ಏನಿದೆ?’ ಎಂದು ಕೇಳುವವರಿದ್ದಾರೆ. ನಮ್ಮ ಹೆಚ್ಚಿನ ಮನೆಗಳಲ್ಲಿ ಒಂದೇ ಮೊಬೈಲ್ ಹಲವರ ಕೈಯಲ್ಲಿ ಓಡಾಡುತ್ತದೆ ಎಂಬುದನ್ನು ಇವರು ಮರೆಯುತ್ತಾರೆ. ಸೊಸೆಯೊಬ್ಬಳು ಕ್ಷಯದ ಲಕ್ಷಣಗಳ ಬಗ್ಗೆಯೋ ಖುಲಾದ ನಿಯಮಗಳ ಬಗ್ಗೆಯೋ ಹುಡುಕಿದಳೆನ್ನಿ. ಮರುದಿನ ಅದೇ ಮೊಬೈಲ್‌ನಲ್ಲಿ ಮೈದುನ ಕ್ರಿಕೆಟ್ ನೋಡುವಾಗ ವಕೀಲರ, ಆಸ್ಪತ್ರೆಗಳ ಜಾಹೀರಾತುಗಳು ಸಾಲುಗಟ್ಟಬಹುದು. ಆಕೆ ಯಾರಲ್ಲೂ ಹೇಳದ ಮಾತನ್ನು ಯಂತ್ರ ಹೇಳಿಬಿಡುತ್ತದೆ. ಆಕೆ ಮಾಡಿದ್ದು ಅಪರಾಧವೇ? ತಿಳಿದುಕೊಳ್ಳುವುದು ಎಂದಿನಿಂದ ಅಪರಾಧವಾಯಿತು? ಸ್ತ್ರೀಯರಿಗೆ ಜ್ಞಾನ ಬೇಕೆಂದು ವೇದಿಕೆಗಳಲ್ಲಿ ಭಾಷಣ ಮಾಡುವ ನಾವು, ಆಕೆ ನಿರ್ಭೀತಿಯಿಂದ ಒಂದು ಪ್ರಶ್ನೆ ಕೇಳುವ ಏಕಾಂತವನ್ನಾದರೂ ಆಕೆಗೆ ಒದಗಿಸಿದ್ದೇವೆಯೇ?

ಇನ್ನೂ ದೊಡ್ಡ ಉದಾಹರಣೆಯಿದೆ. ನಮಾಝಿನ ಸಮಯ ಮತ್ತು ಕಿಬ್ಲಾ ತೋರಿಸುವ ‘ಮುಸ್ಲಿಮ್ ಪ್ರೊ’ ಎಂಬ ಆ್ಯಪ್ ಲೋಕದಾದ್ಯಂತ ಕೋಟಿಗಟ್ಟಲೆ ಮೊಬೈಲ್‌ಗಳಲ್ಲಿದೆ. ಅದರ ಬಳಕೆದಾರರು ಎಲ್ಲಿದ್ದಾರೆಂಬ ಮಾಹಿತಿ ಎಕ್ಸ್-ಮೋಡ್ ಎಂಬ ಕಂಪೆನಿಗೆ ಹೋಗುತ್ತಿತ್ತು, ಆ ಕಂಪೆನಿಯ ಗ್ರಾಹಕರಲ್ಲಿ ಅಮೆರಿಕದ ಸೇನೆಯ ಗುತ್ತಿಗೆದಾರರೂ ಇದ್ದರು ಎಂಬುದು 2020ರ ನವೆಂಬರ್‌ನಲ್ಲಿ ಪತ್ರಕರ್ತರಿಂದಾಗಿ ಹೊರಬಿತ್ತು. ಸುದ್ದಿಯಾದ ಬಳಿಕವಷ್ಟೇ ಆ್ಯಪ್‌ನವರು ಆ ಸಂಬಂಧವನ್ನು ಕಡಿದುಕೊಂಡರು. ಕಿಬ್ಲಾದ ದಿಕ್ಕು ಕೇಳಿದವನು ‘ಒಪ್ಪಿದೆ’ ಎಂಬ ಗುಂಡಿ ಒತ್ತುವಾಗ ಇದಕ್ಕೂ ಒಪ್ಪಿದ್ದನೇ?

ಹಾಗಾದರೆ ಸಾಮಾನ್ಯನು ಏನು ಮಾಡಬೇಕು? ಮೊದಲ ಹೆಜ್ಜೆ ಸರ್ಚ್ ಇಂಜಿನನ್ನು ಬದಲಿಸುವುದು. 2008ರಲ್ಲಿ ಆರಂಭವಾದ ಡಕ್‌ಡಕ್‌ಗೋ ಹುಡುಕಿದ ಪದವನ್ನಷ್ಟೇ ನೋಡಿ ಜಾಹೀರಾತು ತೋರಿಸುತ್ತದೆ, ಹುಡುಕಿದ ವ್ಯಕ್ತಿಯ ಚರಿತ್ರೆಯನ್ನು ಕೂಡಿಡುವುದಿಲ್ಲವೆಂದು ಹೇಳುತ್ತದೆ. ನೆದರ್ಲೆಂಡಿನ ಸ್ಟಾರ್ಟ್‌ಪೇಜ್ ಗೂಗಲ್‌ನದೇ ಫಲಿತಾಂಶಗಳನ್ನು ಕೇಳಿದವರ ಗುರುತು ಬಿಟ್ಟುಕೊಡದೆ ತಂದುಕೊಡುತ್ತದೆ. 2021ರಲ್ಲಿ ಬಂದ ಬ್ರೇವ್ ಸರ್ಚ್‌ಗೆ ತನ್ನದೇ ಆದ ಸೂಚಿಯಿದೆ. ಇವುಗಳಲ್ಲಿ ಒಂದನ್ನು ಮೊಬೈಲ್‌ನ ಬ್ರೌಸರಿನಲ್ಲಿ ಅಳವಡಿಸಲು ಎರಡು ನಿಮಿಷ ಸಾಕು, ಒಂದು ಪೈಸೆ ಖರ್ಚಿಲ್ಲ. ಕನ್ನಡದಲ್ಲಿ ಹುಡುಕುವಾಗ ಕೆಲವೊಮ್ಮೆ ಫಲಿತಾಂಶಗಳು ಸೊರಗಿ ಕಾಣುತ್ತವೆ ಎಂಬುದು ನಿಜ. ಅಂತಹ ಹೊತ್ತಿನಲ್ಲಿ ಗೂಗಲ್‌ಗೆ ಹೋಗುವುದಕ್ಕೆ ಯಾರ ಅಡ್ಡಿಯೂ ಇಲ್ಲ. ಆದರೆ ಒಂದೇ ಯಂತ್ರವನ್ನು ಸರ್ವಜ್ಞನೆಂದು ನಂಬಿದರೆ ಏನಾಗುತ್ತದೆಂಬುದನ್ನು ಕನ್ನಡಿಗರು 2021ರ ಜೂನ್‌ನಲ್ಲಿ ಕಂಡಿದ್ದಾರೆ. ಭಾರತದ ಅತಿ ಕುರೂಪ ಭಾಷೆ ಯಾವುದೆಂದು ಕೇಳಿದವರಿಗೆ ಗೂಗಲ್ ‘ಕನ್ನಡ’ ಎಂದು ಉತ್ತರಿಸಿ, ಬಳಿಕ ಕ್ಷಮೆ ಯಾಚಿಸಿತ್ತು.

ಆಯ್ಕೆಯ ಈ ಹಕ್ಕು ಪುಕ್ಕಟೆಯಾಗಿ ಬಂದದ್ದಲ್ಲ. 2022ರ ಅಕ್ಟೋಬರ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗವು ಆಂಡ್ರಾಯ್ಡ್ ಪ್ರಕರಣದಲ್ಲಿ ಗೂಗಲ್‌ಗೆ 1337.76 ಕೋಟಿ ರೂಪಾಯಿ ದಂಡ ವಿಧಿಸಿತು. ಹೊಸ ಮೊಬೈಲನ್ನು ಸಜ್ಜುಗೊಳಿಸುವಾಗಲೇ ಬಳಕೆದಾರ ತನಗೆ ಬೇಕಾದ ಸರ್ಚ್ ಇಂಜಿನನ್ನು ಆರಿಸಿಕೊಳ್ಳಲು ಅವಕಾಶವಿರಬೇಕೆಂದೂ ಆದೇಶಿಸಿತು. ಸುಪ್ರೀಮ್ ಕೋರ್ಟ್ ತಡೆಯಾಜ್ಞೆ ನೀಡಲು ನಿರಾಕರಿಸಿದ ಬಳಿಕ 2023ರ ಜನವರಿಯಲ್ಲಿ ಗೂಗಲ್ ಮಣಿಯಿತು. ವಿಪರ್ಯಾಸವೇನೆಂದರೆ, ನಮ್ಮ ಪೇಟೆಗಳಲ್ಲಿ ಮೊಬೈಲನ್ನು ಸಜ್ಜುಗೊಳಿಸುವುದು ಹೆಚ್ಚಾಗಿ ಕೊಂಡವನಲ್ಲ, ಅಂಗಡಿಯ ಹುಡುಗ. ಜೀಮೇಲ್ ಖಾತೆಯನ್ನು ತೆರೆಯುವವನೂ ಅವನೇ, ಪಾಸ್‌ವರ್ಡನ್ನು ಡಬ್ಬಿಯ ಮೇಲೆ ಬರೆದುಕೊಡುವವನೂ ಅವನೇ. ಕೋರ್ಟು ಕಚೇರಿ ಹತ್ತಿ ಗಳಿಸಿದ ಆಯ್ಕೆಯ ಪರದೆ ಅವನ ಹೆಬ್ಬೆರಳಿನಡಿ ಅರೆ ಕ್ಷಣದಲ್ಲಿ ಮಾಯವಾಗುತ್ತದೆ. ಮೊಬೈಲ್ ಕೊಳ್ಳುವವರು ಮುಚ್ಚಿದ ಡಬ್ಬಿಯನ್ನೇ ಮನೆಗೆ ತಂದು, ಓದು ಬಲ್ಲ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ತೆರೆಯಲಿ.

ಇಂಜಿನ್ ಬದಲಿಸಿದೊಡನೆ ಎಲ್ಲವೂ ಸುರಕ್ಷಿತ ಎಂಬ ಭ್ರಮೆಯೂ ಬೇಡ. ಫಲಿತಾಂಶವನ್ನು ಒತ್ತಿ ಜಾಲತಾಣದೊಳಗೆ ಕಾಲಿಟ್ಟ ಬಳಿಕ ಅಲ್ಲಿನ ಕುಕಿಗಳದ್ದೇ ಆಡಳಿತ. ಡಕ್‌ಡಕ್‌ಗೋ ಕೂಡ ಫಲಿತಾಂಶಗಳಿಗಾಗಿ ಬಹುಮಟ್ಟಿಗೆ ಮೈಕ್ರೋಸಾಫ್ಟ್‌ನ ಬಿಂಗ್ ಅನ್ನು ಅವಲಂಬಿಸಿದೆ. ಅದರ ಬ್ರೌಸರ್ ಮೈಕ್ರೋಸಾಫ್ಟ್‌ನ ಕೆಲವು ಟ್ರ್ಯಾಕರುಗಳನ್ನು ತಡೆಯದೆ ಬಿಟ್ಟದ್ದು 2022ರಲ್ಲಿ ಬಯಲಾಗಿತ್ತು. ಇನ್ನು ‘ಇನ್‌ಕಾಗ್ನಿಟೊ’ ಎಂಬ ಕಪ್ಪು ಪರದೆಯು ಮನೆಯವರ ಕಣ್ಣಿಂದ ಮರೆಮಾಡುತ್ತದೆಯೇ ಹೊರತು ಕಂಪೆನಿಯ ಕಣ್ಣಿಂದಲ್ಲ. ಅಮೆರಿಕದಲ್ಲಿ ಈ ಬಗ್ಗೆ ಹೂಡಲಾದ ಮೊಕದ್ದಮೆಯ ರಾಜಿಯಲ್ಲಿ ಗೂಗಲ್ 2024ರಲ್ಲಿ ಕೋಟ್ಯಂತರ ದಾಖಲೆಗಳನ್ನು ನಾಶಪಡಿಸಲು ಒಪ್ಪಿಕೊಂಡಿತ್ತು.

ಆದ್ದರಿಂದ ಹೊಣೆಯೆಲ್ಲವನ್ನೂ ಬಳಕೆದಾರನ ತಲೆಗೆ ಕಟ್ಟಿ ಸರಕಾರ ಕೈತೊಳೆದುಕೊಳ್ಳುವಂತಿಲ್ಲ. ಖಾಸಗಿತನ ಮೂಲಭೂತ ಹಕ್ಕು ಎಂಬ 2017ರ ಆಗಸ್ಟ್ 24ರ ತೀರ್ಪು ಬಂದದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಇಳಿವಯಸ್ಸಿನಲ್ಲಿ ಹೂಡಿದ ಅರ್ಜಿಯಿಂದಾಗಿ. ಒಂಬತ್ತು ಮಂದಿ ನ್ಯಾಯಾಧೀಶರ ಪೀಠದ ಆ ಒಮ್ಮತದ ತೀರ್ಪಿನ ಬಳಿಕ ಕಾನೂನು ಬರಲು ಆರು ವರ್ಷಗಳು ಬೇಕಾದವು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು ಸಮ್ಮತಿ ಮುಕ್ತವಾಗಿರಬೇಕು, ನಿಶ್ಶರ್ತವಾಗಿರಬೇಕು, ಕೊಟ್ಟಷ್ಟೇ ಸುಲಭವಾಗಿ ಹಿಂಪಡೆಯುವಂತಿರಬೇಕು ಎಂದು ವಿಧಿಸುತ್ತದೆ. ಅದೇ ಕಾಯ್ದೆಯ 17ನೇ ಸೆಕ್ಷನ್ ಕೇಂದ್ರ ಸರಕಾರ ತನಗೆ ಬೇಕಾದ ಸರಕಾರಿ ಸಂಸ್ಥೆಗಳಿಗೆ ವಿನಾಯಿತಿ ನೀಡಲು ದಾರಿ ತೆರೆದಿಟ್ಟಿದೆ. ಅಂಗಡಿಯವನಿಗೆ ಬೀಗ ಹಾಕಲು ಹೇಳಿ ತನ್ನ ಬಾಗಿಲನ್ನು ತಾನೇ ತೆರೆದಿಟ್ಟುಕೊಂಡ ಈ ಧೋರಣೆಯನ್ನು ಒಪ್ಪಲಾಗದು.

ಆದರೂ ಆ ಕಾಯ್ದೆಯಲ್ಲಿ ನಮ್ಮ ನಾಲ್ಕು ತಾಲೂಕುಗಳ ಜನರು ಹಿಡಿದುಕೊಳ್ಳಬಹುದಾದ ಒಂದು ಎಳೆಯಿದೆ. ಸಮ್ಮತಿ ಕೇಳುವ ನೋಟಿಸು ಇಂಗ್ಲಿಷಿನಲ್ಲಲ್ಲದೆ ಸಂವಿಧಾನದ ಎಂಟನೇ ಅನುಸೂಚಿಯ ಯಾವುದೇ ಭಾಷೆಯಲ್ಲಿ ದೊರೆಯಬೇಕು. ಕನ್ನಡವೂ ಉರ್ದುವೂ ಆ ಪಟ್ಟಿಯಲ್ಲಿವೆ. 2025ರ ನವೆಂಬರ್‌ನಲ್ಲಿ ಪ್ರಕಟವಾದ ನಿಯಮಗಳು ಈ ಕರ್ತವ್ಯಗಳ ಪಾಲನೆಗೆ 18 ತಿಂಗಳ ಕಾಲಾವಕಾಶ ನೀಡಿವೆ. ಅಂದರೆ 2027ರ ಮೇ ತಿಂಗಳವರೆಗೆ. ಗ್ರಾಮ ಒನ್ ಕೇಂದ್ರಗಳಲ್ಲಿ ಅರ್ಜಿ ತುಂಬುವಾಗ, ವಿದ್ಯಾರ್ಥಿವೇತನಕ್ಕೆ ಬೆರಳು ಒತ್ತುವಾಗ, ‘ಇದನ್ನು ಕನ್ನಡದಲ್ಲಿ ತೋರಿಸಿ, ಓದಿ ಹೇಳಿ, ಆಮೇಲೆ ಒತ್ತುತ್ತೇವೆ’ ಎಂದು ಕೇಳುವ ಅಭ್ಯಾಸವನ್ನು ಆ ತಿಂಗಳಿಗಾಗಿ ಕಾಯದೆ ಈಗಿನಿಂದಲೇ ಆರಂಭಿಸಬಹುದು.