ಸಾಮಂತರಾಜ ಒಪ್ಪಿದರೆ ಸಾಕೆ?



ಯುದ್ಧ ಮಾಡದೆ ಒಂದು ರಾಜ್ಯವನ್ನು ಇನ್ನೊಂದು ರಾಜ್ಯ ತನ್ನೊಳಗೆ ಸೇರಿಸಿಕೊಳ್ಳಬಹುದೆ? ಇತಿಹಾಸ ಅಂದ ಕೂಡಲೇ ನಮಗೆ ನೆನಪಾಗೋದು ಕದನಗಳ ಇಸವಿಗಳು ಮಾತ್ರ. ಆದರೆ ಕಂಪ್ಯೂಟರಿನಲ್ಲಿ ಆಡುವ ಒಂದು ಆಟ ‘ಸೇರಿಸಿಕೊಳ್ಳಬಹುದು’ ಎಂದು ಹೇಳುತ್ತದೆ. ಅದರ ಹೆಸರು ‘ಯೂರೋಪಾ ಯೂನಿವರ್ಸಾಲಿಸ್’. ಅದರ ನಾಲ್ಕನೇ ಭಾಗವನ್ನು ಸ್ವೀಡನ್ ದೇಶದ ಪ್ಯಾರಡಾಕ್ಸ್ ಕಂಪನಿಯವರು 2013ರಲ್ಲಿ ಹೊರತಂದರು. ನಮ್ಮ ದೊಡ್ಡಮ್ಮನ ಮಗ ರಜೆಗೆ ಬಂದಾಗ ಅವನ ಲ್ಯಾಪ್‌ಟಾಪಿನಲ್ಲಿ ನಾನೂ ಆಡುತ್ತೇನೆ. ಆಟ 1444ನೇ ಇಸವಿ ನವೆಂಬರ್ 11ರಿಂದ ಶುರುವಾಗಿ 1821ರವರೆಗೆ ನಡೆಯುತ್ತದೆ. ನಮಗೆ ಬೇಕಾದ ರಾಜ್ಯವನ್ನು ಆರಿಸಿಕೊಂಡು ಆಳಬೇಕು. ಅದರಲ್ಲಿ ನಮ್ಮ ವಿಜಯನಗರವೂ ಇದೆ!

ಆಟದಲ್ಲಿ ದೊಡ್ಡ ರಾಜನ ಕೈಕೆಳಗೆ ಸಾಮಂತರು ಇರುತ್ತಾರೆ. ಅವರು ಕಪ್ಪ ಕೊಡುತ್ತಾರೆ, ಯುದ್ಧಕ್ಕೆ ದಂಡು ತರುತ್ತಾರೆ. ಸಾಮಂತನ ರಾಜ್ಯವನ್ನು ಕತ್ತಿ ಎತ್ತದೆ ವಿಲೀನ ಮಾಡಿಕೊಳ್ಳಬೇಕಾದರೆ ಮೂರು ಷರತ್ತುಗಳು ಮುಖ್ಯ. ಒಂದು, ಅವನು ಸಾಮಂತನಾಗಿ 10 ವರ್ಷ ಕಳೆದಿರಬೇಕು. ಎರಡು, ನಮ್ಮ ಬಗ್ಗೆ ಅವನಿಗಿರುವ ಅಭಿಪ್ರಾಯ 190 ಅಂಕಕ್ಕೆ ಮುಟ್ಟಿರಬೇಕು. ಮೂರು, ಅವನ ಸ್ವಾತಂತ್ರ್ಯದ ಆಸೆ ಶೇಕಡ 50ಕ್ಕಿಂತ ಕಡಿಮೆ ಇರಬೇಕು. ಅದಕ್ಕೆ ಉಡುಗೊರೆ ಕಳಿಸಬೇಕು, ರಾಯಭಾರಿಯನ್ನು ಅಟ್ಟಬೇಕು. ಆಮೇಲೆ ವಿಲೀನದ ಕೆಲಸ ಶುರುವಾದರೆ ಒಂದೇ ದಿನಕ್ಕೆ ಮುಗಿಯಲ್ಲ, ತಿಂಗಳುಗಟ್ಟಲೆ ರಾಜತಂತ್ರದ ಅಂಕ ಖರ್ಚಾಗುತ್ತಲೇ ಇರುತ್ತದೆ. ಸೀಮೆ ಸಮೃದ್ಧವಾಗಿದ್ದಷ್ಟೂ ಖರ್ಚು ಜಾಸ್ತಿ.

ಇದರಲ್ಲಿ ಒಂದು ಒಳ್ಳೆಯ ಪಾಠವಿದೆ ಎಂದು ನನ್ನ ಅನಿಸಿಕೆ. ಗದ್ದೆಗೆ ನೀರು ಕಟ್ಟಿದ ಹಾಗೆ ಕಾಯಬೇಕು, ಆತುರ ಪಟ್ಟರೆ ಕೆಲಸ ಕೆಡುತ್ತದೆ. ಆದರೆ ಆಟದಲ್ಲಿ ಒಂದು ದೊಡ್ಡ ಕೊರತೆಯೂ ಇದೆ. ಲೆಕ್ಕಕ್ಕೆ ಬರೋದು ಸಾಮಂತರಾಜ್ಯದ ಹೆಸರಿನಲ್ಲಿ ಇರುವ ಒಂದೇ ಒಂದು ಅಭಿಪ್ರಾಯ. ಅಲ್ಲಿನ ರೈತ, ನೇಕಾರ, ಕುಂಬಾರ ಏನಂತಾರೆ ಅಂತ ಬೇರೆಯಾಗಿ ಯಾರೂ ಕೇಳಲ್ಲ. ವಿಲೀನ ಮುಗಿದ ದಿನ ಆ ಬಾವುಟ ಅಳಿಸಿ ಹೋಗುತ್ತದೆ. ನಾವು ಏನಾದರೂ ಮಾತು ಕೊಟ್ಟಿದ್ದೆವಾ, ಅದನ್ನು ನಡೆಸಿದೆವಾ ಎಂಬ ಪ್ರಶ್ನೆಯೇ ಏಳುವುದಿಲ್ಲ.

ನಿಜವಾದ ಇತಿಹಾಸ ಹಾಗಿರಲಿಲ್ಲ. ಒಂದು ಉದಾಹರಣೆ ನೋಡೋಣ. ಫ್ರಾನ್ಸಿನ ಪಶ್ಚಿಮ ತುದಿಯಲ್ಲಿ ಸಮುದ್ರದ ಕಡೆಗೆ ಚಾಚಿಕೊಂಡಿರುವ ಬ್ರಿಟನಿ ಎಂಬ ಸೀಮೆ ಇದೆ (ಇಂಗ್ಲಿಷರ ಬ್ರಿಟನ್ ಬೇರೆ, ಇದು ಬೇರೆ). ಅದನ್ನು ಡ್ಯೂಕ್ ಎಂಬ ದೊರೆಗಳು ಆಳುತ್ತಿದ್ದರು. 1488ರಲ್ಲಿ ಅವರು ಫ್ರಾನ್ಸಿನ ರಾಜನಿಗೆ ಸೋತರು. 1491ರಲ್ಲಿ ಅಲ್ಲಿನ ಒಡತಿ ಆನ್ ಫ್ರಾನ್ಸಿನ ರಾಜ ಎಂಟನೇ ಚಾರ್ಲ್ಸ್‌ನನ್ನು ಮದುವೆಯಾದಳು. ಅವನು ತೀರಿಕೊಂಡ ಮೇಲೆ 1499ರಲ್ಲಿ ಮುಂದಿನ ರಾಜ ಹನ್ನೆರಡನೇ ಲೂಯಿಯನ್ನು ಮದುವೆಯಾದಳು. ಕೊನೆಗೆ 1532ರಲ್ಲಿ ಒಂದನೇ ಫ್ರಾನ್ಸಿಸ್ ರಾಜನ ಕಾಲದಲ್ಲಿ ಬ್ರಿಟನಿ ಫ್ರಾನ್ಸಿನಲ್ಲಿ ವಿಲೀನವಾಯಿತು. ಸೋಲಿನಿಂದ ಲೆಕ್ಕ ಹಾಕಿದರೆ 44 ವರ್ಷ! ಆಟದ 10 ವರ್ಷ ಎಲ್ಲಿ, ಇದೆಲ್ಲಿ?

ಆ ವಿಲೀನ ಸುಮ್ನೆ ಆಗಲಿಲ್ಲ. ಬ್ರಿಟನಿಯ ಸಭೆಯ ಒಪ್ಪಿಗೆ ಇಲ್ಲದೆ ಅಲ್ಲಿ ತೆರಿಗೆ ಹಾಕುವಂತಿಲ್ಲ, ಅಲ್ಲಿನವರ ವ್ಯಾಜ್ಯ ಅಲ್ಲೇ ತೀರ್ಮಾನ ಆಗಬೇಕು ಎಂದು ರಾಜ ಮಾತು ಕೊಟ್ಟಿದ್ದ. ಆದರೆ 1675ರ ಹೊತ್ತಿಗೆ ಹದಿನಾಲ್ಕನೇ ಲೂಯಿ ರಾಜ ಯುದ್ಧದ ಖರ್ಚಿಗಾಗಿ ಹೊಗೆಸೊಪ್ಪಿನ ಮೇಲೆ, ಮುದ್ರೆ ಒತ್ತಿದ ಕಾಗದದ ಮೇಲೆ ತೆರಿಗೆ ಹಾಕಿದ. ಸಭೆಯನ್ನು ಕೇಳಲೇ ಇಲ್ಲ. ಪಟ್ಟಣದವರು ದಂಗೆ ಎದ್ದರು, ಹಳ್ಳಿಯ ರೈತರೂ ಎದ್ದರು. ರಾಜ ಸೈನ್ಯ ಕಳಿಸಿ ಅಡಗಿಸಿದ, ಎಷ್ಟೋ ಜನರನ್ನು ನೇಣಿಗೆ ಹಾಕಿದರು. ವಿಲೀನವಾಗಿ 143 ವರ್ಷ ಆದ ಮೇಲೂ ಜನ ಆ ಮಾತನ್ನು ಮರೆತಿರಲಿಲ್ಲ. ಸಿಟ್ಟು ಬಂದದ್ದು ವಿಲೀನಕ್ಕಲ್ಲ, ಮಾತು ತಪ್ಪಿದ್ದಕ್ಕೆ.

ನಮ್ಮ ಮೈಸೂರನ್ನೇ ತೆಗೆದುಕೊಳ್ಳಿ. 1799ರಲ್ಲಿ ಟಿಪ್ಪು ಸುಲ್ತಾನ್ ಮಡಿದ ಮೇಲೆ ಅದೂ ಇಂಗ್ಲಿಷರ ಕೈಕೆಳಗಿನ ಸಂಸ್ಥಾನವೇ ಆಗಿತ್ತು. 1831ರಲ್ಲಿ ಇಂಗ್ಲಿಷರು ಆಡಳಿತವನ್ನೇ ಕಿತ್ತುಕೊಂಡು, 50 ವರ್ಷದ ನಂತರ 1881ರಲ್ಲಿ ಹಿಂದಕ್ಕೆ ಕೊಟ್ಟರು. 1947ರ ಆಗಸ್ಟ್‌ನಲ್ಲಿ ಮಹಾರಾಜ ಜಯಚಾಮರಾಜ ಒಡೆಯರ್ ಭಾರತಕ್ಕೆ ಸೇರುವ ಪತ್ರಕ್ಕೆ ಸಹಿ ಹಾಕಿದರು. ಆಟದ ಪ್ರಕಾರ ಅಲ್ಲಿಗೆ ಕಥೆ ಮುಗಿಯಿತು. ಆದರೆ ಜನ ಸುಮ್ಮನೆ ಕೂರಲಿಲ್ಲ. ರಾಜರು ಸೇರಿದರೆ ಸಾಲದು, ಜನರ ಸರ್ಕಾರ ಬೇಕು ಅಂತ ಸೆಪ್ಟೆಂಬರ್‌ನಲ್ಲಿ ‘ಮೈಸೂರು ಚಲೋ’ ನಡೆಯಿತು. ನಮ್ಮಂಥ ವಿದ್ಯಾರ್ಥಿಗಳೂ ಬೀದಿಗೆ ಇಳಿದರು. ಅಕ್ಟೋಬರ್‌ನಲ್ಲಿ ಕೆ. ಸಿ. ರೆಡ್ಡಿಯವರ ಮಂತ್ರಿಮಂಡಲ ಬಂತು. ಪತ್ರಕ್ಕೆ ಸಹಿ ಹಾಕಿದವರು ಒಬ್ಬರು, ಅದಕ್ಕೆ ಜೀವ ತುಂಬಿದವರು ಸಾವಿರಾರು ಜನ.

‘ಆಟವನ್ನು ಆಟ ಅಂತ ನೋಡಬೇಕು ಕಣೋ, ಎಲ್ಲಾ ಜನರನ್ನೂ ಅದರಲ್ಲಿ ತುಂಬೋಕಾಗುತ್ತಾ?’ ಎಂದು ಅಣ್ಣ ನನಗೆ ಹೇಳಿದ. ಅವನ ಮಾತೂ ಸರಿ. ಚದುರಂಗದಲ್ಲೂ ಕಾಲಾಳು ಮಾತಾಡಲ್ಲ. ನಾನು ಆಟ ಆಡಬೇಡಿ ಎಂದು ಹೇಳುತ್ತಿಲ್ಲ. ಆಟದ ಅಭ್ಯಾಸ ನಮ್ಮ ತಲೆಗೆ ಹತ್ತಬಾರದು ಎನ್ನುತ್ತೇನೆ, ಅಷ್ಟೆ.

ಯಾಕೆಂದರೆ ‘ವಿಲೀನ’ ಎನ್ನುವ ಈ ಪದ ನಮ್ಮ ಶಾಲೆಯಲ್ಲೇ ಇದೆ. ಈ ಜೂನ್‌ನಲ್ಲಿ ಹಟ್ಟಿಯ ಕಿರಿಯ ಪ್ರಾಥಮಿಕ ಶಾಲೆ ಮಕ್ಕಳು ಕಡಿಮೆ ಅಂತ ನಮ್ಮ ಶಾಲೆಗೆ ಸೇರಿತು. ದೊಡ್ಡವರು ಸಭೆ ಮಾಡಿ ಒಪ್ಪಿದರು, ಹನ್ನೊಂದು ಮಕ್ಕಳು ಬಂದರು. ಬರೋಕೆ ಆಟೋ ಮಾಡಿಕೊಡ್ತೀವಿ ಅಂದಿದ್ದರು, ಇನ್ನೂ ಆಟೋ ಬಂದಿಲ್ಲ. ಆ ಪುಟ್ಟ ಮಕ್ಕಳು ಕೆರೆ ಏರಿ ಮೇಲೆ ನಡೆದುಕೊಂಡೇ ಬರ್ತಾವೆ. ಬಂದ ಮೇಲೆ ನಾವು ಅವರನ್ನು ಏನಂತ ಕರೀತೀವಿ? ‘ಹಟ್ಟಿಯವರು’ ಅಂತ! ಬಿಸಿಯೂಟದ ಸಾಲಿನಲ್ಲಿ ಅವರೇ ಕೊನೆಗೆ ನಿಲ್ತಾರೆ. ಹಾಜರಿ ಪುಸ್ತಕದಲ್ಲಿ ವಿಲೀನವಾಗಿದೆ, ನಮ್ಮ ಮನಸ್ಸಿನಲ್ಲಿ ಆಗಿಲ್ಲ.

ಆದ್ದರಿಂದ ನನ್ನ ಕೋರಿಕೆ ಇಷ್ಟು. ಆಟೋದ ಮಾತನ್ನು ಗುರುಗಳು ಮುಂದಿನ ಪೋಷಕರ ಸಭೆಯಲ್ಲಿ ಎತ್ತಬೇಕು. ಪ್ರಾರ್ಥನೆ ಹೇಳಿಸುವ ಸರದಿ ಆ ಮಕ್ಕಳಿಗೂ ಬರಬೇಕು. ಈ ಗೋಡೆ ಪತ್ರಿಕೆಯಲ್ಲಿ ಮುಂದಿನ ತಿಂಗಳಿಂದ ಒಂದು ಹಾಳೆ ಅವರಿಗೆ ಬಿಡಬೇಕು. ಬರೆಯಲು ಬರದಿದ್ದರೆ ಚಿತ್ರ ಬಿಡಿಸಲಿ, ನಾವು ಅಂಟಿಸೋಣ. ಗೆಳೆಯರೇ, ನಾಳೆಯಿಂದ ಅವರನ್ನು ಹೆಸರು ಹಿಡಿದು ಕರೆಯೋಣ. ಇದಕ್ಕೆ ಯಾವ ಅಂಕವೂ ಖರ್ಚಾಗಲ್ಲ.

ಸೇರಿಸಿಕೊಂಡವರು ಕೊಟ್ಟ ಮಾತು ಉಳಿಸಿಕೊಂಡರೆ ಮಾತ್ರ ಸೇರಿದವರು ನಮ್ಮವರಾಗುತ್ತಾರೆ. ಇದು ನನ್ನ ಅಭಿಪ್ರಾಯ. ನಿಮ್ಮದು ಬೇರೆ ಇದ್ದರೆ ಬರೆದು ಪತ್ರಿಕೆಯ ಪೆಟ್ಟಿಗೆಗೆ ಹಾಕಿ.

— 9ನೇ ತರಗತಿಯ ಒಬ್ಬ ವಿದ್ಯಾರ್ಥಿ